ಡಿಕ್ಕಿ ತುಂಬ ಒರಳುಕಲ್ಲು

ಕೇಳ್ರಪ್ಪಾ ಕೇಳಿ. ನಗು ಬಂದರೆ ನಗಿ, ಎದೆ ಢವಢವ ಅಂದರೆ ಪಕ್ಕದೋರ ಕೈ ಹಿಡ್ಕೊಳ್ಳಿ.

ಗುಡ್ಡದ ಬುಡದಲ್ಲಿ ಕಲ್ಲುಕುಟಿಗರ ಒಂದು ಊರು. ಅಲ್ಲಿ ಮಾಳಮ್ಮ ಅಂತ ತಾಯಿ, ಕೆಂಚೀರ ಅಂತ ಮಗ. ಮಗನಿಗೆ ಮೂವತ್ತು ವಯಸ್ಸು. ಮೈಯಲ್ಲಿ ಎರಡು ಎತ್ತಿನ ಬಲ, ತಲೆಯಲ್ಲಿ ಅರ್ಧ ಕರುವಿನ ಬುದ್ಧಿ. ತಾಯಿ ಒರಳುಕಲ್ಲು ಕಡಿಯೋಳು, ಮಗ ಅದನ್ನ ಸತ್ತ ಅಪ್ಪನ ಹಳೇ ಬಿಳಿ ಕಾರಲ್ಲಿ ಸಂತೆಗೆ ಸಾಗಿಸೋನು. ಕಾರು ಹೊರಟಿತು ಅಂದರೆ ಮಾಳಮ್ಮನ ಜೀವ ಬಾಯಿಗೆ ಬರೋದು. ಸಂತೆ ದಾರಿ ಇದ್ದದ್ದು ಕೆರೆ ಏರಿ ಮೇಲೆ. ಪಕ್ಕದಲ್ಲೇ ಕಪ್ಪು ನೀರು, ಆಳ ಕಂಡೋರಿಲ್ಲ.

ಹೆದರಿಕೆ ಕೆಂಚೀರನಿಗೂ ಇತ್ತು. ಆ ಹೆದರಿಕೆಗೇ ಅವನು ಅವ್ವನ ಮಾತನ್ನ ಒಂದಕ್ಷರ ಬಿಡದೆ ಹಿಡ್ಕೊಳ್ಳೋನು.

ಒಂದಿನ ಮಾಳಮ್ಮ, "ಆರು ಕಲ್ಲು ಹಾಕ್ಕೊಂಡು ಹೋಗ್ಲಾ" ಅಂದಳು. ಹಾಕ್ಕೊಂಡ. ಆರನ್ನೂ ಡಿಕ್ಕಿಗೇ ಹಾಕ್ಕೊಂಡ! ಕಾರಿನ ಹಿಂಭಾಗ ಕುಕ್ಕರಿಸ್ತು, ಮೂತಿ ಆಕಾಶ ನೋಡ್ತು. ಏರಿ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದ. ಸ್ಟೀರಿಂಗ್ ತಿರುಗಿತು, ಕಾರು ತಿರುಗಲಿಲ್ಲ! ನೀರಿನ ಕಡೆಗೆ ಹೋಯ್ತು, ಹೋಯ್ತು, ಹೋಯ್ತು... ಹೊಂಗೆ ಮರಕ್ಕೆ ಗುದ್ದಿ ನಿಂತ್ಕೊಂತು.

ಮಾಳಮ್ಮ ಓಡಿ ಬಂದು ಮಗನ ಮೈಯೆಲ್ಲ ತಡವಿದಳು. ಆಮೇಲೆ ಬೆನ್ನಿಗೆ ನಾಲ್ಕು ಗುದ್ದಿದಳು.

"ಅಯ್ಯೋ ಪೆದ್ದೇ! ಭಾರ ಎಲ್ಲ ಹಿಂದಕ್ಕೆ ಹೇರಿದ್ರೆ ಮುಂದಿನ ಚಕ್ರ ನೆಲ ಹಿಡೀತದೇನ್ಲಾ? ಮುಂದಕ್ಕೆ ಇಡ್ಬೇಕು ಕಣ್ಲಾ, ಮುಂದಕ್ಕೆ!"

"ಆಯ್ತು ಕಣವ್ವ. ಮುಂದಕ್ಕೆ ಇಡ್ತೀನಿ."

ಮುಂದಿನ ಸಂತೆಗೆ ಮುಂದಕ್ಕೇ ಇಟ್ಟ. ಎಲ್ಲಿಗೆ? ಬಾನೆಟ್ ಮೇಲಕ್ಕೆ! ಎರಡು ಕಲ್ಲು, ಎರಡು ಕೊಂಬಿನ ಹಾಗೆ. ಇಳಿಜಾರಿನಲ್ಲಿ ಎಮ್ಮೆ ಅಡ್ಡ ಬಂತು, ಬ್ರೇಕ್ ಒತ್ತಿದ. ಕಾರು ನಿಂತ್ಕೊಂತು, ಕಲ್ಲು ನಿಲ್ಲಲಿಲ್ಲ! ಗುಡುಗುಡು ಗುಡುಗುಡು ಉರುಳಿದವು. ಬಸ್ಸಿಗೆ ಕಾಯ್ತಿದ್ದೋರು "ಸತ್ವೋ!" ಅಂತ ಚೆಲ್ಲಾಪಿಲ್ಲಿ ಆದ್ರು. ಒಂದು ಕಲ್ಲು ಬಾಣಂತಿಯೊಬ್ಬಳ ಕಾಲ ಪಕ್ಕದಲ್ಲೇ ಹಾದು ಹಿಟ್ಟಿನ ಗಿರಣಿ ಬಾಗಿಲು ಮುರೀತು. ಅವಳು ಕೂಸನ್ನ ಎದೆಗೆ ಅವಚಿಕೊಂಡು ನಿಂತಲ್ಲೇ ನಡುಗಿದಳು. ಅವಳು ನಡುಗೋದು ನೋಡಿ ಕೆಂಚೀರನೂ ನಡುಗಿದ.

"ಕೊಲೆಗಾರ ಆಗ್ತಿದ್ಯಲ್ಲೋ ಹಾಳಾದೋನೇ!" ಸುದ್ದಿ ಕೇಳಿ ಮಾಳಮ್ಮ ಎದೆ ಎದೆ ಬಡ್ಕೊಂಡಳು. "ಕಾರಲ್ಲಿ ಭಾರವಾದ್ದು ಏನೇ ಇರ್ಲಿ, ಹಗ್ಗ ಹಾಕಿ ಬಿಗಿದು ಕಟ್ಟು. ಮಿಸುಕಾಡಬಾರದು!"

"ಆಯ್ತು ಕಣವ್ವ. ಮಿಸುಕಾಡದ ಹಾಗೆ ಕಟ್ತೀನಿ."

ಅದೇ ವಾರ ಮಾಳಮ್ಮನ ಅಣ್ಣ ಜವರಪ್ಪ ಬಸ್ಸಿಳಿದ. ಜವರಪ್ಪ ಅಂದರೆ ಆಳು ಆನೆ. ಕರ್ಕೊಂಡು ಬರಕ್ಕೆ ಕೆಂಚೀರ ಹೋದ. ಸೀಟಲ್ಲಿ ಮಾವ ಕೂತಾಗ ಕಾರು ಕುಯ್ಯೋ ಅಂತು. "ಓಹೋ, ಭಾರವಾದ್ದು!" ಅಂದ್ಕೊಂಡು ಕೆಂಚೀರ ಹಗ್ಗ ತೆಗೆದ. ಕಾಲಿಗೆ ಮೂರು ಸುತ್ತು, ತೋಳಿಗೆ ಏಳು ಸುತ್ತು.

"ಬಿಡೋ! ಉಸಿರು ಕಟ್ತದೆ ಕಣೋ!"

"ಮಿಸುಕಾಡಬೇಡ ಮಾವ!"

ದಾರಿ ತುಂಬ ಮಾವ ಕಿರುಚ್ತಾ ಬಂದ. ಜನ ಕಂಡ್ರು. "ಮನುಷ್ಯನ್ನ ಹೊತ್ಕೊಂಡು ಹೋಗ್ತಾವ್ನೆ, ಹಿಡೀರಿ!" ಅಂತ ದೊಣ್ಣೆ ಹಿಡಿದು ಅಟ್ಟಿಸಿಕೊಂಡು ಬಂದ್ರು. ಕೆಂಚೀರ ಹೆದರಿ ಇನ್ನೂ ಜೋರಾಗಿ ಬಿಟ್ಟ. ಮನೆ ಮುಟ್ಟೋ ಹೊತ್ತಿಗೆ ಮಾವನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಮಾಳಮ್ಮ ಮುಖಕ್ಕೆ ನೀರು ಎರಚಿ, ಎದೆ ಉಜ್ಜಿ, ಉಸಿರು ಬರೋತನಕ ಅತ್ತಳು.

"ನನ್ನ ಒಡಹುಟ್ಟಿದೋನ್ನ ಕೊಲ್ತಿದ್ಯಲ್ಲೋ! ಹಿರಿಯರು ಕಾರಲ್ಲಿದ್ರೆ ಅವರು ಹೇಳಿದ ಹಾಗೆ ಕೇಳ್ಲಾ! ಎದುರು ಮಾತಾಡದೆ ಮಾಡು!"

"ಆಯ್ತು ಕಣವ್ವ. ಹಿರಿಯರು ಹೇಳಿದ ಹಾಗೇ ಮಾಡ್ತೀನಿ."

ಎರಡು ದಿನ ಕಳೀತು. ಜವರಪ್ಪ ಊರಿಗೆ ಹೊರಟ. ಊರ ಛತ್ರಕ್ಕೆ ಒರಳು ಬೇಕು, ನಾಲ್ಕು ದೊಡ್ಡವು ಡಿಕ್ಕಿಗೆ ಹಾಕು ಅಂದ.

"ಬೇಡ ಕಣಣ್ಣ! ಕೆರೆ ಏರಿ ಹತ್ತಬೇಕು!" ಅಂದಳು ಮಾಳಮ್ಮ.

"ಎತ್ತಿನ ಗಾಡೀಲಿ ಹತ್ತು ಹೊರ್ತೀವಿ, ಇದೇನು! ಹಾಕ್ಲಾ ಕೆಂಚೀರ!"

ಹಿರಿಯರು ಹೇಳಿದ್ದು. ಕೆಂಚೀರ ಹಾಕಿದ. ಮಾಳಮ್ಮನಿಗೆ ಮನೇಲಿ ಕೂರಕ್ಕೆ ಮನಸ್ಸು ಬರಲಿಲ್ಲ, ಅವಳೂ ಹಿಂದಿನ ಸೀಟಿಗೆ ಹತ್ತಿದಳು. ಸತ್ತರೆ ಒಟ್ಟಿಗೆ ಸಾಯೋಣ ಅಂದ್ಕೊಂಡಳೋ ಏನೋ.

ಏರು ಬಂತು. ಕಾರು ಮುಕ್ಕಿರೀತು. ಅರ್ಧ ಹತ್ತಿತು, ನಿಂತಿತು. ಮೆಲ್ಲಗೆ ಹಿಂದಕ್ಕೆ ಉರುಳಿತು! ಕೆಂಚೀರ ಬ್ರೇಕ್ ತುಳಿದ. ಜಲ್ಲಿ ಮೇಲೆ ಚಕ್ರ ಜಾರಿತು, ಜಾರಿತು. ಹಿಂದಿನ ಒಂದು ಚಕ್ರ ಏರಿ ದಾಟಿ ಗಾಳಿಗೆ ಬಂತು. ಒಂದು ಮೋಟು ಕಲ್ಲು ಅಡ್ಡ ಸಿಕ್ಕಿ ಕಾರು ತೂಗಾಡ್ತಾ ನಿಂತಿತು. ಕೆಳಗೆ ಕಪ್ಪು ನೀರು. ಮಾಳಮ್ಮ ಮುಂದಿನ ಸೀಟನ್ನ ಅಪ್ಪಿ ಹಿಡ್ಕೊಂಡಳು. ಜವರಪ್ಪ ಕಣ್ಣು ಮುಚ್ಚಿಕೊಂಡ.

"ಮುಗೀತು ಕಣ್ಲಾ! ಇನ್ನು ದೇವರ ಮೇಲೆ ಭಾರ ಹಾಕು!"

"ಯಾವ ದೇವರ ಮೇಲೆ ಮಾವ?"

"ಯಾವುದೋ ಒಂದು! ಹತ್ತಿರ ಇರೋನು!"

ಹತ್ತಿರ ಇದ್ದೋನು ಏರಿ ಮುನಿಯಪ್ಪ. ಬೇವಿನ ಮರದಡಿ ಮೊಣಕಾಲುದ್ದದ ಕಲ್ಲು. ಬಲು ಉಗ್ರ. ಅವನ ನೆರಳು ತುಳಿಯಕ್ಕೂ ಜನ ಹೆದರೋರು.

ಕೆಂಚೀರ ಹ್ಯಾಂಡ್‌ಬ್ರೇಕ್ ಎಳೆದು ಮೆಲ್ಲಗೆ ಇಳಿದ. ಡಿಕ್ಕಿ ತೆಗೆದ. ಒಂದು ಕಲ್ಲು ಹೆಗಲಿಗೆ ಹೊತ್ತ, ಹೋದ, ಬಂದ. ಎರಡನೇದು ಹೊತ್ತ, ಹೋದ, ಬಂದ. ಒಂದೊಂದು ಕಲ್ಲು ಹೋದಾಗಲೂ ಕಾರಿನ ಹಿಂಭಾಗ ಒಂದೊಂದು ಗೇಣು ಮೇಲೆದ್ದಿತು. ನಾಲ್ಕೂ ಹೋದ ಮೇಲೆ ಬಂಪರಿಗೆ ಭುಜ ಕೊಟ್ಟು ಹ್ಹುಂ ಅಂದ. ಕಾರು ನೆಲಕ್ಕೆ ಬಂತು!

ಅಣ್ಣ ತಂಗಿ ತೆವಳಿಕೊಂಡು ಇಳಿದ್ರು. ಮಾಳಮ್ಮ ಮಗನ್ನ ತಬ್ಬಿಕೊಂಡು ಗಳಗಳ ಅತ್ತಳು. "ಮುನಿಯಪ್ಪ ಕಾಪಾಡ್ದ" ಅಂತ ಕೈ ಮುಗಿಯಕ್ಕೆ ಬೇವಿನ ಮರದ ಕಡೆ ತಿರುಗಿದಳು. ತಿರುಗಿದೋಳು ಹಾಗೇ ಕಲ್ಲಾದಳು. ಮರದಡಿ ಒಂದರ ಮೇಲೊಂದು ನಾಲ್ಕು ಒರಳುಕಲ್ಲು. ದೇವರು ಕಾಣ್ತಿಲ್ಲ.

"ಲೋ... ಲೋ ಕೆಂಚೀರ... ಮುನಿಯಪ್ಪ ಎಲ್ಲೋ?"

"ಅಡೀಲವ್ನೆ ಕಣವ್ವ. ನಾಲ್ಕು ಹಾಕಿದ್ರೂ ಪಾಪ, ಉಸಿರೆತ್ತಲಿಲ್ಲ. ಕಾರನ್ನೂ ಎತ್ತಿಡ್ಲಾ?"