ಗುಲಾಬಿ ಗಿಡಕ್ಕೆ ಮೂವತ್ತೆರಡು ಪಾದುಕೆ

ಒಂದಾನೊಂದು ಊರಿನಲ್ಲಿ, ಆ ಊರು ಇನ್ನೂ ಒಂದೇ ಕಡೆ ನಿಂತಿದ್ದ ಕಾಲದಲ್ಲಿ, ಗುಲಗಂಜಿರಾಯ ಎಂಬ ರಾಜನಿದ್ದ. ಅವನಿಗೆ ಆನೆಯ ಚಿಂತೆಯಿಲ್ಲ, ಸೇನೆಯ ಚಿಂತೆಯಿಲ್ಲ. ಅರಮನೆಯ ಅಂಗಳದ ಒಂದು ಗುಲಾಬಿ ಗಿಡದ್ದೇ ಚಿಂತೆ. ಬಿಸಿಲಿಗೆ ಗಿಡ ಕಪ್ಪಾದೀತೆಂದು ಮೇಲೆ ಚಪ್ಪರ ಹಾಕಿಸಿದ. ಗಾಳಿ ಅದರ ಪರಿಮಳವನ್ನು ಪಕ್ಕದ ರಾಜ್ಯಕ್ಕೆ ಹೊತ್ತುಕೊಂಡು ಹೋದೀತೆಂದು ಸುತ್ತಲೂ ತಟ್ಟಿ ಕಟ್ಟಿಸಿದ. ಒಂಟಿಯಾಗಿ ಬೇಸರವಾದೀತೆಂದು ತಟ್ಟಿಯೊಳಗೆ ಮೂವತ್ತು ಹೂಕುಂಡಗಳನ್ನು ಒತ್ತೊತ್ತಾಗಿ ಇಡಿಸಿದ.

ಆ ಗಿಡ ನೋಡಿಕೊಳ್ಳುತ್ತಿದ್ದವಳು ಸಣ್ಣತಾಯಮ್ಮ. ನೆಟ್ಟವನು ಅವಳ ಗಂಡ ಗಿರಿಗಯ್ಯ. ಹೋದ ವರ್ಷ ಅವನು ತೀರಿಕೊಂಡಿದ್ದ. ಗಿಡ ಮಾತು ಕಲಿತದ್ದು ಅವನಿಂದಲೇ. ಹಾಗಾಗಿ ಅವನಂತೆಯೇ ಪ್ರತಿ ಮಾತಿಗೂ ಮೊದಲು "ಅದಿರಲಿ" ಎನ್ನುತ್ತಿತ್ತು. ಆ ಒಂದು ಮಾತು ಕೇಳಲಿಕ್ಕೆಂದೇ ಸಣ್ಣತಾಯಮ್ಮ ದಿನಾ ಬೇಗ ಕೆಲಸಕ್ಕೆ ಬರುತ್ತಿದ್ದಳು.

ಒಂದು ಬೆಳಿಗ್ಗೆ ನೋಡಿದರೆ ಎಲೆಗಳ ಮೇಲೆಲ್ಲ ಬಿಳಿ ಪುಡಿ. ಯಾರೋ ಬೂದಿ ಉದುರಿಸಿದಂತಿತ್ತು. ಚಿಗುರು ಮುರುಟಿಕೊಂಡಿತ್ತು.

"ಅದಿರಲಿ," ಎಂದಿತು ಗಿಡ, "ಬೆನ್ನು ಸ್ವಲ್ಪ ತುರಿಸೇ ಸಣ್ಣಿ."

ಸಣ್ಣತಾಯಮ್ಮ ರಾಜನ ಹತ್ತಿರ ಓಡಿದಳು. "ಬುದ್ಧೀ, ಗಿಡಕ್ಕೆ ಬೂದಿರೋಗ ಬಂದಿದೆ. ಗಾಳಿ ಬೆಳಕು ಇಲ್ಲದೆ ಬಂದಿರೋದು. ಮೊದಲು ಚಪ್ಪರ ಬಿಚ್ಚಿಸಿ."

ಮಂತ್ರಿ ಬುಕ್ಕಯ್ಯ ಬಂದು ಒಂದು ಎಲೆಯ ಹಣೆ ಮುಟ್ಟಿ ನೋಡಿದ.

"ಜ್ವರ ಇದೆಯೇನಮ್ಮಾ?"

"ಗಿಡಕ್ಕೆಲ್ಲಿಯ ಜ್ವರ ಸ್ವಾಮಿ?"

"ಜ್ವರವಿಲ್ಲ ಎಂದಮೇಲೆ ರೋಗವಿಲ್ಲ. ಮೈತುಂಬ ಬೂದಿ ಬಳಿದುಕೊಂಡಿದೆ. ಹೂ ಬಿಡುವ ಆಸೆ ಬಿಟ್ಟಿದೆ. ಪ್ರಭೂ, ಗಿಡ ಸನ್ಯಾಸ ತೆಗೆದುಕೊಂಡಿದೆ!"

ರಾಜನ ಕಣ್ಣಿನಲ್ಲಿ ನೀರು ಬಂತು. "ನಮ್ಮ ಅಂಗಳದಲ್ಲೇ ಸನ್ಯಾಸಿ! ಮಠಕ್ಕೆ ಇನ್ನೊಂದು ಸುತ್ತು ತಟ್ಟಿ ಕಟ್ಟಿ!"

ಸನ್ಯಾಸಿ ಎಂದಮೇಲೆ ಪಾದುಕೆ ಬೇಕು. ಪಾದುಕೆಗೆ ಕಾಲು ಬೇಕು. ಗಿಡದ ಕಾಲು ಯಾವುದು? ಬೇರು. ಮಣ್ಣು ಕೆದಕಿ ಎಣಿಸಿದರು, ಮೂವತ್ತೆರಡು. ಬಡಗಿಗೆ ಮೂವತ್ತೆರಡು ಪಾದುಕೆ ಮಾಡಲು ಹೇಳಿದರು. "ಇದರಲ್ಲಿ ಎಡಗಾಲಿನವು ಎಷ್ಟು, ಬಲಗಾಲಿನವು ಎಷ್ಟು?" ಎಂದ ಬಡಗಿ. ಅದಕ್ಕೇ ಎರಡು ದಿನ ಸಭೆ ಸೇರಿತು.

ಸನ್ಯಾಸಿ ಒಂದೇ ಕಡೆ ಮೂರು ರಾತ್ರಿಗಿಂತ ಹೆಚ್ಚು ನಿಲ್ಲಬಾರದು. ಆದರೆ ಗಿಡ ನಡೆಯಲಾರದು. ಗಿಡ ನಡೆಯಲಾರದು ಎಂದಮೇಲೆ ಊರು ನಡೆಯಬೇಕು. ಮೂರು ದಿನಕ್ಕೊಮ್ಮೆ ಎಲ್ಲರೂ ಪಾತ್ರೆಪಗಡ ಹೊತ್ತುಕೊಂಡು ಪಕ್ಕದ ಮನೆಗೆ ಹೋದರು. ಹನ್ನೆರಡು ದಿನದಲ್ಲಿ ರಾಜ ಕುಂಬಾರನ ಮನೆ ಸೇರಿದ. ಅರಮನೆಯಲ್ಲಿ ಗಾಣಿಗನ ಎತ್ತು ಮಲಗಿತ್ತು. ಇದ್ದಲ್ಲೇ ಇದ್ದ ಗಿಡ ನಾಲ್ಕು ಮನೆ ದೂರ ಸಂಚಾರ ಮಾಡಿತು ಎಂದು ಡಂಗುರ ಹೊಡೆಸಿದರು.

ಜನ ಬಂದರು, ಎಲೆಯ ಪುಡಿಯನ್ನು ಬೆರಳಿನಲ್ಲಿ ತೆಗೆದು ಹಣೆಗೆ ಹಚ್ಚಿಕೊಂಡರು, ಅದೇ ಕೈಯಲ್ಲಿ ತಮ್ಮ ಹಿತ್ತಲಿನ ಗುಲಾಬಿಗಳನ್ನು ಮುಟ್ಟಿದರು. ವಾರದೊಳಗೆ ಮನೆಮನೆಯ ಗುಲಾಬಿಯೂ ಬಿಳಿಯಾಯಿತು.

"ನೋಡಿದೆಯೇನಮ್ಮಾ," ಎಂದ ಬುಕ್ಕಯ್ಯ, "ಎಷ್ಟು ಜನ ಶಿಷ್ಯರು!"

ಸಣ್ಣತಾಯಮ್ಮ ಶಿಷ್ಯರನ್ನು ನೋಡಲಿಲ್ಲ. ಅವಳು ಗಿಡದಲ್ಲಿ ಉಳಿದ ಹಸಿರೆಲೆ ಎಣಿಸುತ್ತಿದ್ದಳು. ಮೊದಲ ದಿನ ಹನ್ನೊಂದು. ಮತ್ತೆ ಏಳು. ಈಗ ನಾಲ್ಕು.

"ಹೇಗಿದ್ದೀರಿ?" ಎಂದು ಕೇಳಿದಳು.

"ಅದಿ..." ಎಂದಿತು ಗಿಡ. ಮಾತು ಪೂರ್ತಿಯಾಗಲಿಲ್ಲ. ಉಸಿರು ಸಾಲದೆ ಸುಮ್ಮನಾಯಿತು.

ಸಣ್ಣತಾಯಮ್ಮ ನೆಟ್ಟಗೆ ಕುಂಬಾರನ ಮನೆಗೆ ಹೋದಳು. ರಾಜ ಜಗುಲಿಯ ಮೇಲೆ ಕೂತಿದ್ದ, ಪಕ್ಕದಲ್ಲಿ ಮಂತ್ರಿ.

"ಬುದ್ಧೀ, ಒಂದು ಸಂದೇಹ. ಎಲ್ಲ ಬಿಟ್ಟವರನ್ನು ತಾನೇ ಸನ್ಯಾಸಿ ಅನ್ನೋದು?"

"ಹೌದು."

"ಮತ್ತೆ ನಮ್ಮ ಸನ್ಯಾಸಿ ಚಪ್ಪರ ಬಿಟ್ಟಿಲ್ಲವಲ್ಲ? ಎರಡು ಸುತ್ತು ತಟ್ಟಿ ಇಟ್ಟುಕೊಂಡಿದೆ. ಮೂವತ್ತು ಕುಂಡದ ಬಳಗವನ್ನು ಮಗ್ಗುಲಲ್ಲೇ ಕೂರಿಸಿಕೊಂಡಿದೆ. ತಲೆಯನ್ನಂತೂ ಬೋಳಿಸಿಯೇ ಇಲ್ಲ. ಪಕ್ಕದ ರಾಜ್ಯದವರು ಕೇಳಿದರೆ ಏನಂದಾರು?"

ರಾಜ ಮಂತ್ರಿಯನ್ನು ನೋಡಿದ. ಮಂತ್ರಿ ಆಕಾಶ ನೋಡಿದ.

"ಬಿಡಿಸು, ಎಲ್ಲ ಬಿಡಿಸು," ಎಂದ ರಾಜ, "ಬೇಗ!"

ಚಪ್ಪರ ಬಿಚ್ಚಿದರು. ತಟ್ಟಿ ಕಿತ್ತರು. ಕುಂಡಗಳನ್ನು ದೂರ ದೂರ ಇಟ್ಟರು. ಈ ಗಡಿಬಿಡಿಯಲ್ಲಿ ಊರು ನಡೆಯುವುದು ನಿಂತು, ಎಲ್ಲರೂ ಆಗ ಇದ್ದ ಮನೆಯಲ್ಲೇ ಉಳಿದರು. ಸಣ್ಣತಾಯಮ್ಮ ಕತ್ತರಿ ಹಿಡಿದು ಗಿಡದ ತಲೆ ಬೋಳಿಸಲು ಕೂತಳು. ರೋಗದ ಎಲೆಯೊಂದನ್ನೂ ಬಿಡಲಿಲ್ಲ. ನಡುವೆ ಒಂದಕ್ಕೊಂದು ಉಜ್ಜುತ್ತಿದ್ದ ಕಡ್ಡಿಗಳನ್ನು ತೆಗೆದಳು. ಒಂದೊಂದು ಸಲ ಕತ್ತರಿಸಿದಾಗಲೂ ಕತ್ತರಿಯನ್ನು ಬಿಸಿನೀರಿನಲ್ಲಿ ಅದ್ದಿದಳು. ಉದುರಿದ್ದನ್ನೂ ಆರಿಸಿದಳು.

"ಇದನ್ನು ಗೊಬ್ಬರದ ಗುಂಡಿಗೆ ಹಾಕೋಣವೇ?" ಎಂದ ಬುಕ್ಕಯ್ಯ.

"ಸನ್ಯಾಸಿಯ ಕೂದಲು ತಿಪ್ಪೆಗಾ ಸ್ವಾಮಿ? ಬೆಂಕಿಗೆ."

ಆಮೇಲೆ ಅಭಿಷೇಕ. ಒಂದು ಪಾಲು ಹುಳಿ ಮಜ್ಜಿಗೆ, ಒಂಬತ್ತು ಪಾಲು ನೀರು, ಬಟ್ಟೆಯಲ್ಲಿ ಸೋಸಿದ್ದು. ಎಳೆಬಿಸಿಲಿನಲ್ಲಿ ಆ ನಾಲ್ಕು ಎಲೆಗಳ ಮೇಲೂ ಅಡಿಗೂ ಚಿಮುಕಿಸಿದಳು. ವಾರಕ್ಕೊಮ್ಮೆ ಹೀಗೆ. ಶಿಷ್ಯರಿಗೂ ಹೀಗೆಯೇ ಎಂದು ಮನೆಮನೆಗೆ ಹೋಗಿ ಹೇಳಿದಳು.

ಒಂದು ವಾರ ಗಿಡ ಮಾತಾಡಲಿಲ್ಲ. ಎರಡನೆಯ ವಾರವೂ ಇಲ್ಲ. ಸಣ್ಣತಾಯಮ್ಮ ಬೇಗ ಬರುವುದನ್ನು ಬಿಡಲಿಲ್ಲ. ಹದಿನೇಳನೆಯ ದಿನ ಕಡ್ಡಿಯ ಗಿಣ್ಣಿನಲ್ಲಿ ಕೆಂಪು ಚಿಗುರೊಂದು ಇಣುಕಿತು.

"ಅದಿರಲಿ," ಎಂದಿತು ಗಿಡ, "ಮಜ್ಜಿಗೆಗೆ ಉಪ್ಪು ಹಾಕಿರಲಿಲ್ಲ."

ಸಣ್ಣತಾಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಗಿಡಕ್ಕೆ ಉಪ್ಪು ಆಗಲ್ಲ. ಸುಮ್ಮನಿರಿ," ಎಂದಳು.

ಇನ್ನೂ ಒಂದು ತಿಂಗಳಿಗೆ ಮೊಗ್ಗು ಬಂತು. ಸನ್ಯಾಸಿ ಮೊಗ್ಗು ಬಿಡುವುದೆಂದರೇನು! ಊರೆಲ್ಲ ಗುಸುಗುಸು. ರಾಜ ಮಾತ್ರ ಕುಣಿದಾಡಿದ. "ಸಂಸಾರಕ್ಕೆ ಮರಳಿದೆ! ಊರಿಗೆಲ್ಲ ಊಟ! ಗಿಡದ ಮೇಲೆ ಚಪ್ಪರ ಹಾಕಿ, ಸುತ್ತ ತಟ್ಟಿ ಕಟ್ಟಿ!"

ಸಣ್ಣತಾಯಮ್ಮ ಗಿಡಕ್ಕೆ ಅಡ್ಡ ನಿಂತಳು. "ಬುದ್ಧೀ, ಮೊದಲು ಆ ಮೂಲೆಯಲ್ಲಿ ತಟ್ಟಿ ಕಟ್ಟಿಸಿ ಒಂದು ದಿನ ನೀವೇ ಕೂತು ನೋಡಿ. ಮೂವತ್ತು ಜನ ನಿಮಗೆ ಒತ್ತಿಕೊಂಡು ಕೂರಲಿ. ಚೆನ್ನಾಗಿದ್ದರೆ ಗಿಡಕ್ಕೂ ಕಟ್ಟೋಣ."

ರಾಜ ಕೂತ. ಮೂವತ್ತು ಜನ ಒತ್ತಿ ಕೂತರು. ಸಂಜೆಗೆ ರಾಜನಿಗೆ ಮೈಯೆಲ್ಲ ಬೆವರುಸಾಲೆ. ತುರಿಕೆ ತಡೆಯಲಾರದೆ ಅಕ್ಕಿಹಿಟ್ಟು ತರಿಸಿ ತಲೆಯಿಂದ ಕಾಲಿನವರೆಗೆ ಸವರಿಕೊಂಡು ಹೊರಗೆ ಬಂದ.

ಬುಕ್ಕಯ್ಯ ಅಡ್ಡಬಿದ್ದ. "ಪ್ರಭುಗಳೂ ಸನ್ಯಾಸ ತೆಗೆದುಕೊಂಡರು! ಕ್ಷೌರಿಕನನ್ನು ಕರೆಯಿರಿ!"

"ಇದು ಬೆವರುಸಾಲೆ ಕಣಯ್ಯಾ!"

ಬುಕ್ಕಯ್ಯ ಹಣೆ ಮುಟ್ಟಿ ನೋಡಿದ. "ಜ್ವರವಿಲ್ಲ."

ಕ್ಷೌರಿಕ ಕತ್ತಿ ಮಸೆಯತೊಡಗಿದ. ರಾಜ ಓಡಿಹೋಗಿ ಸಣ್ಣತಾಯಮ್ಮನ ಬೆನ್ನ ಹಿಂದೆ ನಿಂತ. "ಏನು ಮಾಡಲಿ ತಾಯೀ?"

"ತಟ್ಟಿ ಕೀಳಿಸಿ ಬುದ್ಧೀ. ಗಾಳಿಗೆ ನಿಂತುಕೊಳ್ಳಿ. ನನ್ನ ಗಿಡವನ್ನೂ ಗಾಳಿಗೆ ಬಿಡಿ."

ಅಂದಿನಿಂದ ಆ ರಾಜ್ಯದಲ್ಲಿ ಗುಲಾಬಿಗೆ ಯಾರೂ ಚಪ್ಪರ ಹಾಕಲಿಲ್ಲ. ಜನ ತಮ್ಮ ತಮ್ಮ ಮನೆಗೆ ಹೊರಟರು. ಕುಂಬಾರನ ಜಗುಲಿಯಲ್ಲಿ ಗಾಳಿ ಚೆನ್ನಾಗಿದೆ ಎಂದು ರಾಜ ಮಾತ್ರ ಏಳಲೇ ಇಲ್ಲ.

ಕತೆಯ ನೀತಿ: ಬಿಳಿಯಾಗಿ ಕಂಡದ್ದಕ್ಕೆಲ್ಲ ಕೈಮುಗಿಯುವ ಮೊದಲು ಎಲೆ ತಿರುಗಿಸಿ ನೋಡಿ. ಅವರ ಗಿಡ ಅಲ್ಲಿ ಚೆನ್ನಾಗಿದೆ, ನಾವು ಇಲ್ಲಿ ಚೆನ್ನಾಗಿದ್ದೇವೆ, ನಡುವೆ ಗಾಳಿ ಆಡಲಿ.