ಖಾಲಿ ತಟ್ಟೆ ಎತ್ತುವವಳು

ಬನ್ನಿ ಮಕ್ಕಳಾ, ಗಲಾಟೆ ಸಾಕು. ಗೋಡೆಗೆ ಒರಗಿ ಕೂತ್ಕೊಳ್ಳಿ. ಕತೆ ಚಿಕ್ಕದು, ಕಿವಿ ಇತ್ತ ಕೊಟ್ಟರೆ ಸಾಕು.

ಏಳು ಅಂತಸ್ತಿನ ಒಂದು ದೊಡ್ಡಾಸ್ಪತ್ರೆ. ಅದರ ನಾಲ್ಕನೇ ಅಂತಸ್ತಿನಲ್ಲಿ ನಿಂಗಾಜಮ್ಮ ಅಂತ ಒಬ್ಬ ಆಯಾ. ರೋಗಿಗಳಿಗೆ ಊಟ ಕೊಡೋದು, ತಟ್ಟೆ ಎತ್ತೋದು, ನೆಲ ಒರೆಸೋದು. ಹತ್ತೊಂಬತ್ತು ವರ್ಷ ಇದೇ. ಮಂಡಿ ಸವೆದಿತ್ತು, ಮನಸ್ಸೂ ಸವೆದಿತ್ತು.

ಸೇರಿದ ಹೊಸದರಲ್ಲಿ ಒಂದು ಸಲ, "ಸಿಸ್ಟರ್, ಆ ಅಜ್ಜನ ಕಾಲು ಊದಿದೆ" ಅಂದಿದ್ದಳು. "ನೀನೇನು ಡಾಕ್ಟರಾ? ನೆಲ ಒರೆಸು ಹೋಗು" ಅಂತ ಉತ್ತರ ಬಂತು. ಅವತ್ತೇ ಬಾಯಿಗೆ ಬೀಗ ಹಾಕಿಕೊಂಡಳು.

ಆಮೇಲೆ ಆಸ್ಪತ್ರೆಯವರು 'ನಾವೆಲ್ಲ ಒಂದೇ ಮನೆಯವರು' ಅಂತ ದೊಡ್ಡ ಬೋರ್ಡ್ ಬರೆಸಿದರು. ಕೇಕ್ ಕತ್ತರಿಸಿದರು. ಕೆಲಸದವರು ಮನಸ್ಸಿನ ಮಾತು ಬರೆದು ಹಾಕಲಿ ಅಂತ ಒಂದು ಪೆಟ್ಟಿಗೆ ಇಟ್ಟರು. ನಿಂಗಾಜಮ್ಮ ಕೇಕಿನ ಚೂರು ಗುಡಿಸಿದಳು, ಪೆಟ್ಟಿಗೆಯ ಧೂಳು ಒರೆಸಿದಳು. ಬರೆಯೋದು ಅವಳಿಗೆಲ್ಲಿ ಬರಬೇಕು?

ಹೀಗಿರುವಾಗ ಹದಿನಾಲ್ಕನೇ ಮಂಚಕ್ಕೆ ಮರಿಸಿದ್ದಯ್ಯ ಬಂದ. ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚೆ ಸೂಜಿ. ಸೂಜಿ ಆದ ಮೇಲೆ ಹೊಟ್ಟೆಗೆ ಅನ್ನ ಬೀಳಲೇಬೇಕು, ಇಲ್ಲದಿದ್ದರೆ ರಕ್ತದಲ್ಲಿ ಸಕ್ಕರೆ ತೀರಾ ಇಳಿದು ಜೀವಕ್ಕೇ ಅಪಾಯ. ಹೆಂಡತಿ ಪುಟ್ಟತಾಯಮ್ಮ ಅವನ ಮಂಚ ಬಿಟ್ಟು ಕದಲೋಳಲ್ಲ. ಆಸ್ಪತ್ರೆ ಊಟವೋ, ರೋಗಿಗೆ ಮಾತ್ರ. ನಂಗೆ ಹಸಿವಿಲ್ಲ ಅಂತ ಸುಳ್ಳು ಹೇಳಿ ಮೊದಲ ದಿನ ಅವನು ಅರ್ಧ ಊಟ ಹೆಂಡತಿಗೆ ಕೊಟ್ಟ. ಎರಡನೇ ದಿನ ಮುಕ್ಕಾಲು. ನಿಂಗಾಜಮ್ಮ ನೋಡಿದಳು.

"ಯಾರಿಗೂ ಹೇಳ್ಬೇಡ ಕಣವ್ವ" ಅಂದ ಮರಿಸಿದ್ದಯ್ಯ.

"ಹೇಳಿದ್ರೂ ಕೇಳೋರ್ಯಾರು ಬಿಡಣ್ಣ" ಅಂದಳು.

ಸಿಸ್ಟರ್ ಫಿಲೋಮಿನಾ ಖಾಲಿ ತಟ್ಟೆಯನ್ನು ದೂರದಿಂದಲೇ ನೋಡಿ 'ಪೂರ್ತಿ ಉಂಡಿದ್ದಾರೆ' ಅಂತ ಬರೆದುಕೊಂಡರು. ಪಾಪ, ಅವರೊಬ್ಬರಿಗೆ ನಲವತ್ತು ರೋಗಿಗಳು.

ಮೂರನೇ ದಿನ ಮಧ್ಯಾಹ್ನದ ಊಟವೆಲ್ಲ ಹೆಂಡತಿಗೇ ಹೋಯಿತು. ಸ್ವಲ್ಪ ಹೊತ್ತಿಗೆ ಮರಿಸಿದ್ದಯ್ಯನ ಮೈ ಬೆವೆತು, ಕೈ ನಡುಗಿ, ಮಾತು ತೊದಲಿತು. ಪುಟ್ಟತಾಯಮ್ಮ ಸಿಸ್ಟರನ್ನು ಕೂಗಿದಳು.

"ಸೆಕೆ ಇರ್ಬೇಕು, ಊಟ ಚೆನ್ನಾಗೇ ಮಾಡಿದ್ದಾರಲ್ಲ. ಫ್ಯಾನ್ ಜೋರು ಮಾಡು ಆಯಾ, ಬಂದೆ" ಅಂದರು ಆ ತುದಿಯ ಮಂಚದ ಹತ್ತಿರವಿದ್ದ ಸಿಸ್ಟರ್.

ನಿಂಗಾಜಮ್ಮ ಫ್ಯಾನ್ ಜೋರು ಮಾಡಿದಳು. ತಟ್ಟೆ ಎತ್ತಿಕೊಂಡು ಬಾಗಿಲ ತನಕ ನಡೆದಳು. ನನಗ್ಯಾಕೆ, ಇನ್ನೊಂದು ಸಲ ಬೈಸಿಕೊಳ್ಳೋ ತ್ರಾಣ ಇಲ್ಲ ಅಂದುಕೊಂಡಳು. ಹಿಂದೆ ಪುಟ್ಟತಾಯಮ್ಮ, "ಇಲ್ನೋಡಿ... ಇಲ್ನೋಡಿ ಅಂತೀನಿ" ಅಂತ ಗಂಡನ ಕೆನ್ನೆ ತಟ್ಟುತ್ತಿದ್ದಳು. ನಿಂಗಾಜಮ್ಮನ ಕಾಲು ಮುಂದೆ ಹೋಗಲಿಲ್ಲ. ತಿರುಗಿದಳು.

"ಸಿಸ್ಟರ್, ಅವನು ಒಂದಗುಳೂ ಉಂಡಿಲ್ಲ! ಎಲ್ಲಾ ಹೆಂಡ್ತಿಗೆ ಕೊಟ್ಟ. ಬೈಯೋದಿದ್ರೆ ಆಮೇಲೆ ಬೈರಿ, ಈಗ ಓಡಿ ಬನ್ನಿ!"

ಸಿಸ್ಟರ್ ಓಡಿಬಂದು ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ತಕ್ಷಣ ಗ್ಲೂಕೋಸ್ ಏರಿಸಿದರು. ಮರಿಸಿದ್ದಯ್ಯ ಮೆಲ್ಲಗೆ ಕಣ್ಣು ಬಿಟ್ಟ.

ಸುದ್ದಿ ಕೇಳಿ ದೊಡ್ಡ ಡಾಕ್ಟರು ಉಮಾಪತಿ ಬಂದು ನಿಂಗಾಜಮ್ಮನನ್ನು ಕೇಳಿದರು: "ಎಷ್ಟು ದಿನದಿಂದ ಗೊತ್ತು ನಿಂಗೆ?"

"ಮೂರು ದಿನದಿಂದ."

"ಮತ್ತೆ ಹೇಳೋದಲ್ವಾ? ಬೋರ್ಡ್ ಹಾಕಿದ್ದೀವಿ, ಪೆಟ್ಟಿಗೆ ಇಟ್ಟಿದ್ದೀವಿ..."

"ಅವೆರಡನ್ನೂ ದಿನಾ ನಾನೇ ಒರೆಸ್ತೀನಿ ಸ್ವಾಮಿ. ಹತ್ತೊಂಬತ್ತು ವರ್ಷದಲ್ಲಿ ಒಬ್ಬರಾದ್ರೂ ನನ್ನ ಹೆಸರು ಕೇಳಿದ್ರಾ?"

ಡಾಕ್ಟರು ಮೆತ್ತಗೆ, "ನಿಮ್ಮ ಹೆಸರೇನಮ್ಮ?" ಅಂದರು.

ಮುಂದೇನಾಯ್ತು ಅಂತೀರಾ? ಮರಿಸಿದ್ದಯ್ಯ ತನ್ನ ಕಾಲ ಮೇಲೆ ನಡೆದುಕೊಂಡೇ ಮನೆಗೆ ಹೋದ. ಪುಟ್ಟತಾಯಮ್ಮನಂಥವರಿಗೂ ಅಡುಗೆಮನೆಯಿಂದ ಒಂದು ತಟ್ಟೆ ಬರತೊಡಗಿತು. ಸಿಸ್ಟರ್ ಫಿಲೋಮಿನಾ 'ಉಂಡಿದ್ದಾರೆ' ಅಂತ ಬರೆಯೋ ಮುಂಚೆ ತಟ್ಟೆ ಎತ್ತಿದವಳನ್ನು ಕೇಳೋದು ಕಲಿತರು. ಉಮಾಪತಿ ಡಾಕ್ಟರು ದಿನಾ ಬೆಳಿಗ್ಗೆ ವಾರ್ಡಿನವರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು, ಮೊದಲ ಮಾತು ಆಯಾಗಳಿಗೇ ಬಿಟ್ಟರು. ನಿಂಗಾಜಮ್ಮನ ಮಂಡಿನೋವು ಹೋಗಲಿಲ್ಲ, ನೆಲ ಒರೆಸೋದೂ ತಪ್ಪಲಿಲ್ಲ. ಅಷ್ಟು ದಿನ ಸುಮ್ಮನಿದ್ದೆನಲ್ಲಾ ಅನ್ನೋ ಸಂಕಟ ಕೊನೆತನಕ ಉಳಿಯಿತು. ಆದರೆ ಕೆಲಸ ಬಿಡೋ ದಿನದ ತನಕ ಆ ವಾರ್ಡಿನಲ್ಲಿ ಎಲ್ಲರೂ ಅವಳನ್ನು ಹೆಸರು ಹಿಡಿದೇ ಕರೆದರು.

ನೀತಿ: ತಟ್ಟೆ ಎತ್ತುವವರಿಗೆ ಕಾಣೋದು ದೊಡ್ಡವರಿಗೆ ಕಾಣಲ್ಲ. ದೊಡ್ಡವರು ತಾವಾಗಿ ಹೋಗಿ ಕೇಳಬೇಕು; ಗೊತ್ತಿದ್ದವರು, ಎಷ್ಟೇ ಸೋತಿದ್ದರೂ, ಒಂದು ಜೀವದ ಪ್ರಶ್ನೆ ಬಂದಾಗ ಹೇಳಲೇಬೇಕು.