ಕೈ ಜಾರಿದ್ದರ ತೂಕ

"ಕೇಳಿರಪ್ಪಾ ಕೇಳಿ! ಗಾಳ ಹಿಡಿದ ಕೈಗಳೆಲ್ಲ ಕೇಳಿ! ಅರಸರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನು ಬೇಡಿದ್ದನ್ನು ಪಡೆಯುತ್ತಾನೆ. ಒಂದು ತಪ್ಪಿದರೂ ಅಮಾವಾಸ್ಯೆಯ ದಿನ ತಲೆ ಹೋಗುತ್ತದೆ!"

ಏಳುಕೆರೆ ಸೀಮೆಯಲ್ಲಿ ಹೀಗೆ ಡಂಗುರ ಹೊಡೆಸಿದ ಅರಸ ನನ್ನಿದೇವನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಸಿಟ್ಟು ಬರುವಷ್ಟು ಜೀವವೇ ಅವನಲ್ಲಿ ಉಳಿದಿರಲಿಲ್ಲ. ಎರಡು ವರ್ಷದ ಹಿಂದೆ ಅವನೂ ತಮ್ಮ ಬೊಪ್ಪದೇವನೂ ಹಿರಿಕೆರೆಯಲ್ಲಿ ಗಾಳ ಹಾಕುತ್ತಿದ್ದಾಗ ಹರಿಗೋಲು ಮಗುಚಿತ್ತು. ಅಣ್ಣ ಒಂದು ಕೈಯಲ್ಲಿ ಹರಿಗೋಲಿನ ಅಂಚು ಹಿಡಿದು ಇನ್ನೊಂದರಲ್ಲಿ ತಮ್ಮನನ್ನು ಹಿಡಿದ. ತಮ್ಮ ಜಾರಿಹೋದ. ಅಂದಿನಿಂದ ಅರಸನ ಬಲಗೈಗೆ ಜೋಮು. ಸೂಜಿ ಚುಚ್ಚಿದರೂ ತಿಳಿಯದು. ಉಪ್ಪಿಲ್ಲದ ಸಾರು ಬಡಿಸಿದರೂ ಸುಮ್ಮನೆ ಉಣ್ಣುವನು. ದಿನವೂ ಕೆರೆ ಏರಿಯ ಮೇಲೆ ಕೂತು ಗಾಳ ಬಿಡುವನು, ಬೆಂಡು ಮುಳುಗಿದರೂ ಎಳೆಯನು. ತಮ್ಮನ ಹೆಸರನ್ನು ಅವನೆದುರು ಎತ್ತುವ ಎದೆ ಯಾರಿಗೂ ಇರಲಿಲ್ಲ.

ಅದೇ ಏರಿಯ ಮೇಲೆ ಊರಿನ ಗಾಳಗಾರರೂ ಕೂರುತ್ತಿದ್ದರು. ಹೊಟ್ಟೆಪಾಡಿಗಲ್ಲ, ಖುಷಿಗೆ. ಹಿಡಿದ ಮೀನು ಕಡಿಮೆ, ಆಡಿದ ಮಾತು ಹೆಚ್ಚು. ನಿನ್ನೆ ಮೊಳದುದ್ದ ಇದ್ದ ಗೆಂಡೆಮೀನು ಇವತ್ತು ಮಾರುದ್ದ. "ಕಂಡವರು ಯಾರು?" ಎಂದು ಒಬ್ಬನೂ ಕೇಳುವಂತಿಲ್ಲ, ಏಕೆಂದರೆ ನಾಳೆ ತಾನೂ ಹೇಳಬೇಕಲ್ಲ. ಇಂಥವರು ಡಂಗುರ ಕೇಳಿ ಮನೆಯಲ್ಲಿ ಕೂರುತ್ತಾರೆಯೇ?

ಮೊದಲು ಮದ್ದಿನ ಪಂಡಿತ ಹೋದ. ಅರಸ ಕೇಳಿದ: "ನೀರಿನಲ್ಲೂ ಕಾಣದೆ, ಬುಟ್ಟಿಯಲ್ಲೂ ಇಲ್ಲದೆ, ದಿನಕ್ಕೊಂದು ಗೇಣು ಬೆಳೆಯುವ ಮೀನು ಯಾವುದು?"

"ಬಾಳೆಮೀನು, ಬುದ್ಧಿ. ಕೆಸರಲ್ಲಿ ಹುದುಗಿರ್ತದೆ."

"ಅಲ್ಲ" ಎಂದ ಅರಸ. ಪಂಡಿತನನ್ನು ಸೆರೆಗೆ ಒಯ್ದರು.

ಆಮೇಲೆ ಬುಟ್ಟಿ ಹೆಣೆಯುವ ಮನೆಯ ಓಬಣ್ಣ. ಮಾತಿನ ಮಲ್ಲ. ಮೊದಲನೆಯದನ್ನು ಹೇಗೋ ಬಿಡಿಸಿದ. ಎರಡನೆಯದು ಬಂತು: "ಮೀನು ಮೂಸಿಯೂ ನೋಡದ, ಗಾಳ ಹಿಡಿದವನೇ ನುಂಗುವ ಎರೆ ಯಾವುದು?" ಎರೆಯ ವಿಚಾರ ಬಂದರೆ ಓಬಣ್ಣನಿಗೆ ಮೈಮರೆವು. ಹೆಂಡತಿಗೂ ಹೇಳದ ಗುಟ್ಟನ್ನು ತುಂಬಿದ ಸಭೆಯಲ್ಲಿ ಬಿಚ್ಚಿದ. "ಇಂಗು ಹಾಕಿ ನಾದಿದ ರಾಗಿಹಿಟ್ಟು! ರುಚಿ ಅಂದ್ರೆ ರುಚಿ, ನಾನೂ ತಿಂದಿದ್ದೀನಿ." ಗುಟ್ಟೂ ಹೋಯಿತು, ತಲೆಯೂ ಹೋಗುವುದಿತ್ತು.

ಮೂರನೆಯ ಒಗಟಿನವರೆಗೆ ಹೋದವನು ಒಬ್ಬ ಸರದಾರ ಮಾತ್ರ. "ನನ್ನ ಕೈಯಿಂದ ಜಾರಿದ್ದರ ತೂಕ ಎಷ್ಟು?" ಎಂದು ಅರಸ ಕೇಳಿದಾಗ, ದೊರೆಯ ಮೀನು ದೊಡ್ಡದೇ ಇರಬೇಕೆಂದು "ಎಂಟು ಮಣ" ಎಂದ. ಅರಸ "ಅಲ್ಲ" ಎಂದ, ಅವನನ್ನೂ ಸೆರೆಗೆ ಒಯ್ದರು.

ಅಮಾವಾಸ್ಯೆಗೆ ಎರಡು ದಿನ ಉಳಿಯಿತು. ಓಬಣ್ಣನ ತಮ್ಮ ಜುಂಜ ಊಟ ಮಾಡಿದ, ಬಿದಿರು ಸೀಳಿದ, ಬುಟ್ಟಿ ಹೆಣೆದ. ಅವನಿಗೆ ಅಳುವೂ ಬರಲಿಲ್ಲ, ಭಯವೂ ಆಗಲಿಲ್ಲ. ಅತ್ತಿಗೆ ಎರಡು ತಟ್ಟೆಗೆ ಬದಲು ಮೂರು ಹಾಕಿ, ಒಂದನ್ನು ಮತ್ತೆ ಎತ್ತಿಟ್ಟಳು. ಅದನ್ನು ನೋಡಿ ಜುಂಜ ಎದ್ದು ಅರಮನೆಗೆ ನಡೆದ.

"ನೀನೂ ಗಾಳಗಾರನೇ?" ಅರಸ ಕೇಳಿದ.

"ಇಲ್ಲ ಬುದ್ಧಿ. ಏರಿ ಮೇಲೆ ಕೂತು ಅವರಿಗೆ ಬುಟ್ಟಿ ಹೆಣೆಯೋನು. ಮಾರುದ್ದದ ಮೀನಿಗೆ ಅಂತ ಹೇಳಿ ಮಾಡಿಸ್ತಾರೆ. ರಿಪೇರಿಗೆ ಬಂದಾಗ ನೋಡಿದ್ರೆ ತಳದಲ್ಲಿ ಗೇಣುದ್ದ ಜಾಗ ಮಾತ್ರ ಒದ್ದೆ. ಹಂಗಾಗಿ ನಿಮ್ಮ ಮೊದಲ್ನೇ ಮೀನು ನಂಗೊತ್ತು. ಅದು ತಪ್ಪಿಸ್ಕಂಡ ಮೀನು. ಹೇಳ್ದಂಗೆಲ್ಲ ಬೆಳೀತದೆ."

"ಎರಡನೆಯದು?"

"'ಇನ್ನೊಂದೇ ಸಲ' ಅನ್ನೋದು ಬುದ್ಧಿ. ಬುಟ್ಟಿ ಖಾಲಿ ಇದ್ರೂ, ಹೊತ್ತು ಮುಳುಗಿದ್ರೂ, ಇನ್ನೊಂದೇ ಸಲ ಹಾಕ್ತೀನಿ ಅಂತಾರೆ. ಆ ಎರೆ ಕಚ್ಚಿದೋರು ಮನೆಗೆ ಹೋಗಲ್ಲ."

ಅರಸ ಮೂರನೆಯದನ್ನು ಕೇಳಿದ. ಜುಂಜನಿಗೆ ಉತ್ತರ ಗೊತ್ತಿತ್ತು. ಅದನ್ನು ಆಡಿದರೆ ಅಣ್ಣನ ಜೊತೆ ತಾನೂ ಹೋಗಬಹುದೆಂಬುದೂ ಗೊತ್ತಿತ್ತು.

"ಬೊಪ್ಪದೇವರು ಒಂದಾಳು ತೂಕ ಬುದ್ಧಿ. ಮೇಲೆ ನೆಂದ ಬಟ್ಟೆ. ಅಷ್ಟೇ."

ಸಭೆಯಲ್ಲಿ ಯಾರದೋ ಕತ್ತಿ ಒರೆಯಿಂದ ಅರ್ಧ ಹೊರಬಂತು. ಜುಂಜ ನಿಲ್ಲಿಸಲಿಲ್ಲ.

"ಅಷ್ಟು ತೂಕ ಒಂದು ಕೈಲಿ ನಿಲ್ಲಲ್ಲ. ನನ್ನ ಕೈಲೂ ನಿಲ್ತಿರಲಿಲ್ಲ, ಯಾರ ಕೈಲೂ ನಿಲ್ತಿರಲಿಲ್ಲ. ಅವರು ಜಾರಿದ ಮೇಲೆ ಆ ತೂಕನ ದಿನಾ ಬೆಳೆಸಿದೋರು ನೀವು. ಇನ್ನೊಂದೇ ಸಲ ಆ ಕೈ ಸಿಕ್ಕೀತು ಅಂತ ದಿನಾ ಏರಿ ಮೇಲೆ ಕೂರೋರೂ ನೀವೇ. ಮೂರಕ್ಕೂ ಉತ್ತರ ಒಂದೇ ಕಡೆ ಅದೆ, ಬುದ್ಧಿ."

ಅರಸ ತನ್ನ ಬಲಗೈ ನೋಡಿಕೊಂಡ. ಜೋಮು ಬಿಡುವಾಗ ಮೊದಲು ಇರುವೆ ಹರಿದಂತಾಗುತ್ತದೆ. ಅವನು ಕೈ ಕೊಡವಿದ, ಮತ್ತೆ ಕೊಡವಿದ.

"ನೋಯ್ತಿದೆ" ಎಂದ. ಕತ್ತಿ ಒರೆಗೆ ಹೋಯಿತು. "ಏನು ಬೇಕು ಕೇಳಪ್ಪ."

"ನಮ್ಮಣ್ಣ ಬೇಕು. ಅವನ ಜೊತೆ ಸೆರೆಯಲ್ಲಿರೋ ಇಬ್ಬರೂ ಮನೆಗೆ ಹೋಗ್ಲಿ."

ಮೂವರೂ ಬಂದರು. ಕೇಳದಿದ್ದರೂ ಹಿರಿಕೆರೆಯ ಹಿಂದಿನ ಬಿದಿರುಮೆಳೆಯಷ್ಟನ್ನೂ ಅರಸ ಜುಂಜನ ಹೆಸರಿಗೆ ಬಿಟ್ಟ. ಮರುಸಂಜೆ ಏರಿಯ ಮೇಲೆ ಗಾಳಗಾರರ ನಡುವೆಯೇ ಬಂದು ಕೂತ.

"ನಮ್ಮ ಬೊಪ್ಪ ಒಂದು ಸಲ ಇಷ್ಟುದ್ದದ ಗೆಂಡೆ ಹಿಡಿದಿದ್ದ" ಎಂದು ಎರಡೂ ಕೈ ಚಾಚಿದ. ಎಲ್ಲರೂ ತಲೆದೂಗಿದರು. ಅರಸ ತನ್ನ ಕೈಗಳನ್ನೇ ನೋಡಿದ. ಅವು ಮೆಲ್ಲಗೆ ಹತ್ತಿರ ಬಂದು, ಗೇಣಿಗೆ ನಿಂತವು.

"ಇಲ್ಲ. ಇಷ್ಟೇ ಇತ್ತು" ಎಂದು, ಎರಡು ವರ್ಷಕ್ಕೆ ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತ.

ಏಳುಕೆರೆ ಸೀಮೆಯಲ್ಲಿ ಹೇಳುತ್ತ ಹೇಳುತ್ತ ಚಿಕ್ಕದಾದ ಮೀನು ಅದೊಂದೇ. ಗಾಳಗಾರರು ಗಾಳ ಕೆಳಗಿಟ್ಟರು. ಕೊನೆಗೆ ಓಬಣ್ಣ ಕೇಳಿದ:

"ಯಾವ ಎರೆಗೆ ಬಿದ್ದಿತ್ತು, ಬುದ್ಧಿ?"

ಅರಸ ಮೂಗು ಒರೆಸಿಕೊಂಡು ಹೇಳತೊಡಗಿದ.